ಕೋಣೆ ಯಾರದು, ನೆಲ ಯಾರದು: ಕಾರವಾರ–ಅಂಕೋಲಾ ಮನೆಗಳ ಒಳವಿನ್ಯಾಸದ ಚರಿತ್ರೆ

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟ 1883ರಲ್ಲಿ ಹೊರಬಂತು. ಜಿಲ್ಲೆಯ ಒಂದೊಂದೇ ಜಾತಿಯನ್ನು ಎತ್ತಿಕೊಂಡು ಅವರ ಊಟ, ಉಡುಪು, ಕಸುಬಿನ ಜೊತೆ ಮನೆಯನ್ನೂ ಅದು ವರ್ಣಿಸುತ್ತ ಹೋಗುತ್ತದೆ. ಆ ಪುಟಗಳನ್ನು ಒಟ್ಟಿಗೆ ಓದಿದರೆ ಒಂದು ಏಣಿ ಕಾಣುತ್ತದೆ. ಮಣ್ಣಿನ ಗೋಡೆಯ, ಹುಲ್ಲು ಹೊದೆಸಿದ ಗುಡಿಸಲು ಕೆಳಗೆ. ಕಲ್ಲಿನ ಗೋಡೆಯ, ಹಂಚಿನ ಮನೆ ಮೇಲೆ. ಈ ಕರಾವಳಿಯಲ್ಲಿ ಯಾವ ಕೋಣೆ ಎಲ್ಲಿರಬೇಕು ಎಂಬುದನ್ನು ವಾಸ್ತುಶಾಸ್ತ್ರ ಹೇಳಿತು, ನಿಜ. ಆದರೆ ಕೋಣೆ ಇರಬೇಕೋ ಬೇಡವೋ ಎಂಬುದನ್ನು ಹೇಳಿದ್ದು ಮಳೆ, ಮತ್ತು ಕಾಲಡಿಯ ನೆಲ ಯಾರ ಹೆಸರಿನಲ್ಲಿದೆ ಎಂಬ ಸಂಗತಿ.

ಮೊದಲು ಮಳೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಮಾಡು ಗೋಡೆಗಿಂತ ಬಹಳ ಮುಂದೆ ಚಾಚಿ ಬಗ್ಗದಿದ್ದರೆ ಮಣ್ಣಿನ ಗೋಡೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಹಾಗೆ ಚಾಚಿದ ಮಾಡಿನ ಕೆಳಗೆ ತಾನಾಗಿ ಸಿಕ್ಕ ಜಾಗವೇ ಜಗಲಿ. ಗಾಳಿಮಳೆ ಹೊಡೆಯುವ ಪಡುವಣ ಬದಿಗೆ ಹೆಣೆದ ತೆಂಗಿನ ಗರಿಯ ತಟ್ಟಿ ಕಟ್ಟಿದರೆ ಅದು ಇನ್ನೊಂದು ಕೋಣೆಯಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಅಡುಗೆಮನೆಯ ಒಲೆಯ ಮೇಲಿನ ಅಟ್ಟ ಬರೀ ಸಾಮಾನು ತುಂಬುವ ಜಾಗವಲ್ಲ. ಹೊಗೆ ತಾಗಿದ ಕೊಬ್ಬರಿ, ಬಿತ್ತನೆಯ ಬೀಜ, ಒಣಸೌದೆ ಎಲ್ಲವೂ ಮಳೆಗಾಲ ಕಳೆಯುತ್ತಿದ್ದುದು ಅಲ್ಲಿಯೇ. ಇಂದು ಹೊಗೆಯಿಲ್ಲದ ಅಡುಗೆಮನೆಯನ್ನು ಪ್ರಗತಿ ಎನ್ನುತ್ತೇವೆ, ಸರಿಯೇ. ಆದರೆ ಆ ಹೊಗೆಗೂ ಮನೆಯಲ್ಲಿ ಒಂದು ಕೆಲಸವಿತ್ತು.

ಹಳೆಯ ಅನುಕೂಲಸ್ಥರ ಮನೆಗಳಲ್ಲಿ ಹೊರಗಿನಿಂದ ಒಳಕ್ಕೆ ಒಂದು ಕ್ರಮ ಕಾಣುತ್ತದೆ: ಅಂಗಳ, ತುಳಸಿಕಟ್ಟೆ, ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ. ಹಿಂದೆ ಬಚ್ಚಲು, ಬಾವಿ, ಹಿತ್ತಲು, ಕೊಟ್ಟಿಗೆ. ಇದು ಗಾಳಿ ಬೆಳಕಿನ ಲೆಕ್ಕ ಮಾತ್ರವಲ್ಲ, ಯಾರು ಎಲ್ಲಿಯವರೆಗೆ ಬರಬಹುದು ಎಂಬ ಲೆಕ್ಕವೂ ಹೌದು. ಗೇಣಿ ಭತ್ತ ತಂದ ಒಕ್ಕಲಿಗ ಅಂಗಳದಲ್ಲೇ ನಿಲ್ಲುತ್ತಿದ್ದ, ಸರೀಕರಿಗೆ ಜಗಲಿ, ನೆಂಟರಿಗೆ ನಡುಮನೆ. ಮುಟ್ಟಾದ ಹೆಂಗಸಿಗೆ ಒಳಮನೆ ಬಂದ್. ಅವಳು ಹಿತ್ತಿಲ ಕಡೆಯ ಮೂಲೆಯಲ್ಲೇ ದಿನ ಕಳೆಯಬೇಕಿತ್ತು. ಹಳೆಯ ಮನೆಯನ್ನು ಹೊಗಳುವವರು ಈ ಗೆರೆಗಳನ್ನು ಮರೆತುಬಿಡುವುದೇ ಹೆಚ್ಚು.

ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮನೆ ಚಿಕ್ಕದು, ಅಂಗಳ ದೊಡ್ಡದು. ಸಗಣಿ ಸಾರಿಸಿದ ಅಂಗಳದಲ್ಲಿ ಒಕ್ಕಣೆ, ಭತ್ತ ಒಣಗಿಸುವುದು, ಮದುವೆ, ಹೋಳಿಯ ಹೊತ್ತಿನ ಸುಗ್ಗಿ ಕುಣಿತ. ಅಂದರೆ ಆ ಮನೆಯ ಅತಿ ದೊಡ್ಡ ಕೋಣೆಗೆ ಮಾಡೇ ಇರಲಿಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಹಾಡುಗಳ ಹಿಂದಿರುವುದು ಈ ಅಂಗಳ, ಗದ್ದೆಗಳ ಬದುಕೇ. ಬೈತಖೋಲ, ಮಾಜಾಳಿ, ಹಾರವಾಡದಂಥ ಮೀನುಗಾರರ ಕೇರಿಗಳಲ್ಲಿ ಅಂಗಳದ ಜಾಗವನ್ನು ಮರಳದಂಡೆ ತೆಗೆದುಕೊಂಡಿತು: ಬಲೆ ಹೆಣೆಯುವುದೂ ಮೀನು ಒಣಗಿಸುವುದೂ ಅಲ್ಲಿಯೇ.

ವಾಸ್ತುವಿನ ಪಾಲು ಎಷ್ಟು? ಆಚಾರಿಗೆ ಮುಖ್ಯವಾದದ್ದು ಆಯ. ಮನೆಯ ಅಳತೆಯಿಂದ ಬಂದ ಸಂಖ್ಯೆಯನ್ನು ಎಂಟರಿಂದ ಭಾಗಿಸಿ ಉಳಿದ ಶೇಷವನ್ನು ನೋಡುವುದು. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂಬ ಎಂಟರಲ್ಲಿ ಬೆಸಸಂಖ್ಯೆಯ ಧ್ವಜ, ಸಿಂಹ, ವೃಷಭ, ಗಜಗಳು ಶುಭ. ಶೇಷ ಕೈಕೊಟ್ಟರೆ ಅಳತೆಯನ್ನು ನಾಲ್ಕಾರು ಅಂಗುಲ ಹಿಗ್ಗಿಸಿಯೋ ಕುಗ್ಗಿಸಿಯೋ ಸರಿಮಾಡುವುದು ಕಷ್ಟವಲ್ಲ. ಆದರೆ ಕೋಣೆಯ ಅಗಲವನ್ನು ನಿಜವಾಗಿ ಕಟ್ಟಿಹಾಕಿದ್ದು ಸಿಕ್ಕ ಮರದ ಉದ್ದ. ಮಾಡು ಹೊರುವ ಪಕಾಸಿ ಎಷ್ಟು ಚಾಚುತ್ತದೋ ಅಷ್ಟೇ ಕೋಣೆ. ಮನೆ ಬೆಳೆಯಬೇಕೆಂದರೆ ಉದ್ದಕ್ಕೆ ಬೆಳೆಯಬೇಕು, ಇಲ್ಲವೇ ಹಿಂದಕ್ಕೆ ಒಂದು ಇಳಿಮಾಡು ಇಳಿಸಬೇಕು.

1862ರಲ್ಲಿ ಉತ್ತರ ಕೆನರಾ ಮದರಾಸು ಪ್ರಾಂತ್ಯದಿಂದ ಮುಂಬಯಿಗೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೇರಿಸುವ ಬಂದರಿನ ಕನಸಿನ ಜೊತೆಗೆ ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಕಡಲಿಗೆ ಮುಖ ಮಾಡಿದ ಅಧಿಕಾರಿಗಳ ಬಂಗಲೆಗಳೂ ಬಂದವು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟಾಗೋರರ ಮನೆಗೆ 1883ರಲ್ಲಿ ಬಂದು ತಂಗಿದ ತಮ್ಮ ರವೀಂದ್ರನಾಥರು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಈ ಊರಿನಲ್ಲಿಯೇ. ಬಂಗಲೆಯ ವಿನ್ಯಾಸ ಸ್ಥಳೀಯ ಮನೆಗೆ ತಿರುಗುಮುರುಗು. ಅಲ್ಲಿ ನಡುವೆ ದೊಡ್ಡ ಹಾಲ್, ಸುತ್ತ ವರಾಂಡ, ಅಡುಗೆಮನೆ ಹೊರಗೆ ದೂರದಲ್ಲಿ, ಆಳುಗಳ ಪಾಲಿಗೆ. ಇಲ್ಲಿ ಅಡುಗೆಮನೆಯೇ ಮನೆಯ ಗರ್ಭ.

ಇಷ್ಟರಲ್ಲಿ ದಕ್ಷಿಣದಿಂದ ಹಂಚು ಬಂತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಮಾಡುಗಳು ಕೆಂಪಾಗತೊಡಗಿದವು. ಹುಲ್ಲಿನ ಮಾಡಿಗೆ ಬೆಂಕಿಯ ಭಯ, ವರ್ಷವರ್ಷ ಹೊದೆಸುವ ಖರ್ಚು. ಹಂಚಿಗೆ ಎರಡೂ ಇಲ್ಲ; ಆದರೆ ರೀಪು, ಪಕಾಸಿಗಳ ಗಟ್ಟಿ ಚೌಕಟ್ಟು ಬೇಕು, ಅದನ್ನು ಹೊರುವ ಚಿರೆಕಲ್ಲಿನ ಗೋಡೆ ಬೇಕು. ಅಂಥ ಮನೆಗೆ ಹಣ ಹಾಕುವವನಿಗೆ ನೆಲ ತನ್ನದೆಂಬ ಭರವಸೆಯೂ ಬೇಕು.

ಕಾಯಂ ಹಕ್ಕಿನ ಮೂಲಗೇಣಿದಾರನಿಗೆ ಆ ಭರವಸೆ ಇತ್ತು. ಚಾಲಗೇಣಿಯವನಿಗೆ ಇರಲಿಲ್ಲ, ಒಡೆಯ ಏಳೆಂದರೆ ಏಳಬೇಕು. ಬಿಟ್ಟು ಹೋಗಬೇಕಾದೀತೆಂಬ ನೆಲದ ಮೇಲೆ ಯಾರು ತಾನೇ ಚಿರೆಕಲ್ಲು ಇಟ್ಟಾರು? 1940ರ ದಶಕದಲ್ಲಿ ದಿನಕರ ದೇಸಾಯಿಯವರು ಕಟ್ಟಿದ ರೈತ ಚಳವಳಿ ಕೇಳಿದ್ದು ಗದ್ದೆಯ ಹಕ್ಕನ್ನು. ಆದರೆ ಅದರ ಫಲ ಗೋಡೆಗಳಲ್ಲೂ ಕಾಣಿಸಿತು. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಗೇಣಿಯನ್ನು ಕೊನೆಗೊಳಿಸಿತು. ಪರರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದ ಕೃಷಿಕೂಲಿಗಳಿಗೂ ಅದರ 38ನೇ ಕಲಮು ರಕ್ಷಣೆ ಕೊಟ್ಟಿತು. ಒಂದೇ ಕೋಣೆಯ ಮನೆಗೆ ಎರಡನೆಯದನ್ನು, ಮೂರನೆಯದನ್ನು ಕೂಡಿಸಲು ಯಾವ ವಾಸ್ತುಗ್ರಂಥವೂ ಕೊಡದ ಧೈರ್ಯವನ್ನು ಈ ಕಾಯ್ದೆ ಕೊಟ್ಟಿತು ಎನ್ನಬೇಕು.

ನೆಲ ಸಿಕ್ಕಂತೆ ಹೋಗಿದ್ದೂ ಉಂಟು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಿಲಾನ್ಯಾಸವಾಯಿತು. 2005ರಲ್ಲಿ ಅದು ಐಎನ್ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಕಾರವಾರ ಮತ್ತು ಅಂಕೋಲಾ ನಡುವಿನ ಕಡಲತಡಿಯ ಊರುಗಳ ಸಾವಿರಾರು ಕುಟುಂಬಗಳು ತೋಡೂರು, ಹಾರವಾಡ, ಬೇಲೆಕೇರಿಯಂಥ ಕಡೆಯ ಪುನರ್ವಸತಿ ಕೇಂದ್ರಗಳಿಗೆ ಬಂದವು. ಅಲ್ಲಿ ಸಿಗುವುದು ಗೆರೆ ಎಳೆದು ಅಳೆದ ನಿವೇಶನ. ಮಗನ ಮದುವೆಗೆ ಹಿತ್ತಿಲ ಕಡೆ ಇಳಿಮಾಡು ಇಳಿಸುವ ಹಳೆಯ ಉಪಾಯ ಅಲ್ಲಿ ನಡೆಯದು. ಬೆಳೆದರೆ ಮೇಲಕ್ಕೇ ಬೆಳೆಯಬೇಕು. ಸ್ಲ್ಯಾಬ್ ಹಾಕಿದ ಮೇಲೆ ಈ ಮಳೆಗೆ ಸೋರುತ್ತದೆಂದು ಅದರ ಮೇಲೆ ಮತ್ತೆ ಶೀಟಿನ ಮಾಡು. ನಡುವಿನ ಆ ತೆರೆದ ಜಾಗ ಬಟ್ಟೆ, ತೆಂಗಿನಕಾಯಿ, ಸೌದೆ ಒಣಗಿಸಲು ಬರುತ್ತದೆ. ಯಾವ ಎಂಜಿನಿಯರನ ನಕ್ಷೆಯಲ್ಲೂ ಅದಕ್ಕೆ ಕೋಣೆಯ ಹೆಸರಿಲ್ಲ.

ದಂಡೆಯ ಕೇರಿಗಳಿಗೆ ಇನ್ನೊಂದು ಗೆರೆ ಬಂತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಉಬ್ಬರರೇಖೆಯಿಂದ 200 ಮೀಟರ್‌ವರೆಗೆ ಹೊಸ ಮನೆ ಕಟ್ಟುವುದನ್ನು ತಡೆಯಿತು. ಇದ್ದ ಮನೆಯ ದುರಸ್ತಿಗೆ ಅಡ್ಡಿಯಿಲ್ಲ, ಹಿಗ್ಗಿಸುವುದಕ್ಕೆ ಮಾತ್ರ ಮಿತಿ. 2011ರಲ್ಲಿ 100ರಿಂದ 200 ಮೀಟರ್ ನಡುವೆ ಮೀನುಗಾರರ ವಸತಿಗೆ ಸಡಿಲಿಕೆ ದೊರೆಯಿತು. 2019ರ ಅಧಿಸೂಚನೆ ಜನಸಾಂದ್ರತೆಯನ್ನೇ ಅಳತೆಗೋಲಾಗಿಸಿತು: 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರದಲ್ಲಿ ನಿಷೇಧ 50 ಮೀಟರಿಗೆ ಇಳಿಯುತ್ತದೆ, ಉಳಿದಲ್ಲಿ 200 ಮೀಟರ್ ಹಾಗೆಯೇ ಉಳಿಯುತ್ತದೆ.