ಅರೆದಿನದ ದುಡಿಮೆಯೂ ಬೇನೆಯ ಭತ್ಯವೂ

ಕೊಂಬೈ ಎಂಬ ಹೆಸರನ್ನು ಕೇಳಿದೊಡನೆ ನಮ್ಮವರಲ್ಲಿ ಅನೇಕರಿಗೆ ಆ ಊರಿನ ಬೇಟೆನಾಯಿ ನೆನಪಿಗೆ ಬರುತ್ತದೆ. ಅಲ್ಲಿ ಕನ್ನಡವು ಮನೆಮಾತಾಗಿ ಉಳಿದುಬಂದಿದೆಯೆಂಬುದು ನೆನಪಾಗುವುದು ಕಡಿಮೆ. ಕಂಬಂ ಕಣಿವೆಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಊರು ಒಂದು ಕಾಲದ ಪಾಳೆಯಪಟ್ಟು. ದಕ್ಷಿಣದ ಜಾತಿಗಳನ್ನು ಕುರಿತು ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಸಂಪುಟಗಳಲ್ಲಿ, ಮಧುರೆ ಮತ್ತು ತಿರುನೆಲ್ವೇಲಿ ಸೀಮೆಗಳಲ್ಲಿ ನೆಲೆಸಿದ ಕಾಪ್ಪಿಲಿಯರೆಂಬ ಕನ್ನಡ ಬೇಸಾಯಗಾರರ ಉಲ್ಲೇಖವಿದೆ.

ಆದರೆ ನಾವು ಇಲ್ಲಿ ವಿಚಾರಿಸಲಿರುವುದು ಅವರ ವಂಶಾವಳಿಯನ್ನಲ್ಲ. ಇಂತಹ ಊರುಗಳ ಬಡವರಿಗೆ ಕೈಕಾಲುಗಳೇ ಬಂಡವಾಳ. ಆ ಬಂಡವಾಳಕ್ಕೆ ಊನ ಬಂದಾಗ, ಪೂರ್ತಿ ಗುಣವಾಗುವ ಮೊದಲೇ ಒಬ್ಬನು ಎರಡು ಮೂರು ಗಂಟೆಗಳ ಹಗುರವಾದ ಕೆಲಸಕ್ಕೆ ಹೋದನೆನ್ನಿ. ಅವನಿಗೆ ಬರುತ್ತಿದ್ದ ಬೇನೆಯ ಭತ್ಯ ನಿಂತುಹೋಗಬೇಕೇ? ನಮ್ಮ ದೇಶದ ಶಾಸನಗಳು ಈ ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಹಳೆಯ ಉತ್ತರವೇ ಹೆಚ್ಚು ವಿವೇಕದ್ದೆಂದು ನಮಗೆ ತೋರುತ್ತದೆ.

ಮೊದಲಿಗೆ ಉತ್ತರವೇ ಇರಲಿಲ್ಲ. ಕಣಿವೆಯನ್ನು ಎರಡು ಬೆಳೆಯ ಗದ್ದೆಗಳ ನಾಡಾಗಿ ಮಾಡಿದ ಪೆರಿಯಾರ್ ಅಣೆಕಟ್ಟಿನ ಕೆಲಸ 1887ರಲ್ಲಿ ಮೊದಲಾಗಿ 1895ರಲ್ಲಿ ಮುಗಿಯಿತು. ಕಾಡಿನ ಜ್ವರ ಅಲ್ಲಿನ ಕೂಲಿಗಳನ್ನು ಹಿಂಡಿಹಾಕಿತು. ಜ್ವರದ ಋತು ಬಂದರೆ ಕೆಲಸವನ್ನೇ ನಿಲ್ಲಿಸಬೇಕಾಗುತ್ತಿತ್ತು. ಪೆನ್ನಿಕ್ವಿಕ್ ಸಾಹೇಬರ ಹೆಸರನ್ನು ಕಣಿವೆಯ ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ, ಅದು ಯೋಗ್ಯವೇ. ಆದರೆ ಜ್ವರ ಬಂದು ಮಲಗಿದ ಆಳಿಗೆ ಇಷ್ಟು ಕೊಡತಕ್ಕದ್ದೆಂದು ವಿಧಿಸುವ ಕಾಯಿದೆ ಅಂದು ಈ ದೇಶದಲ್ಲಿರಲಿಲ್ಲ.

ಕಾರ್ಮಿಕರ ಪರಿಹಾರದ ಕಾಯಿದೆ 1923ರಲ್ಲಿ ಆಯಿತು. 1924ರ ಜುಲೈ 1ರಿಂದ ಆಚರಣೆಗೆ ಬಂದಿತು. ಸಾಮಾನ್ಯವಾದ ಕಾಯಿಲೆಗಳು ಅದರಲ್ಲಿ ಸೇರಿರಲಿಲ್ಲ. ಕೆಲಸದಲ್ಲಾದ ಅಪಘಾತಕ್ಕೂ ಕೆಲಸದಿಂದಲೇ ಬರುವ ಕೆಲವು ರೋಗಗಳಿಗೂ ಮಾತ್ರ ಅದು ಅನ್ವಯಿಸುತ್ತಿತ್ತು. ತಾತ್ಕಾಲಿಕವಾಗಿ ಅಶಕ್ತನಾದವನಿಗೆ ಅರ್ಧ ತಿಂಗಳಿಗೊಮ್ಮೆ ಮಾಸಿಕ ಕೂಲಿಯ ಕಾಲುಭಾಗ, ಅಥವಾ 15 ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟು. ಇದಕ್ಕೆ ಸೇರಿದ ಒಂದು ನಿಬಂಧನೆಯನ್ನು ಓದುಗರು ಗಮನಿಸಬೇಕೆಂದು ಬೇಡುತ್ತೇವೆ. ಅಪಘಾತಕ್ಕೆ ಮೊದಲಿನ ಅರ್ಧ ತಿಂಗಳ ಕೂಲಿಯಿಂದ, ಈಗ ಅರ್ಧ ತಿಂಗಳಲ್ಲಿ ಅವನು ಗಳಿಸುತ್ತಿರುವುದನ್ನು ಕಳೆದರೆ ಎಷ್ಟು ಉಳಿಯುವುದೋ, ಪರಿಹಾರವು ಅದನ್ನು ಮೀರಕೂಡದು.

ಮಾತು ತೊಡಕಾಗಿ ಕಂಡರೂ ಲೆಕ್ಕ ಸುಲಭವಾದುದು. ತಿಂಗಳಿಗೆ 30 ರೂಪಾಯಿ ದುಡಿಯುತ್ತಿದ್ದವನೊಬ್ಬನ ಕೈ ಮುರಿಯಿತೆಂದು ಇಟ್ಟುಕೊಳ್ಳೋಣ. ಅವನಿಗೆ ಅರ್ಧ ತಿಂಗಳಿಗೆ ಏಳೂವರೆ ರೂಪಾಯಿ ಸಲ್ಲಬೇಕು. ಅವನು ಒಂದೇ ಕೈಯಲ್ಲಿ ಏನೋ ಕಾವಲು ಕೆಲಸ ಮಾಡಿ ತಿಂಗಳಿಗೆ 10 ರೂಪಾಯಿ, ಎಂದರೆ ಅರ್ಧ ತಿಂಗಳಿಗೆ 5 ರೂಪಾಯಿ ಗಳಿಸಿದನು. ಹಳೆಯ 15ರಲ್ಲಿ 5 ಕಳೆದರೆ 10. ಏಳೂವರೆ ಅದರೊಳಗೇ ಇದೆ, ಒಂದು ಕಾಸೂ ಕಡಿತವಿಲ್ಲ. ತಿಂಗಳಿಗೆ 20 ಗಳಿಸಿದರೆ ಪರಿಹಾರ 5ಕ್ಕೆ ಇಳಿಯುತ್ತದೆ. ಎರಡೂ ಕೂಡಿ ಹಳೆಯ 15 ತುಂಬುತ್ತದೆ. ಹಳೆಯ ಕೂಲಿಯ ಅರ್ಧದವರೆಗೆ ಅವನು ನಿರ್ಭಯನಾಗಿ ದುಡಿಯಬಹುದು, ಅದರಾಚೆಗೆ ಪರಿಹಾರವು ಮೆಲ್ಲಮೆಲ್ಲನೆ ಹಿಂಜರಿಯುತ್ತದೆ. ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಬೇಕಾಗಿಲ್ಲ. ಪರಕೀಯರ ಆಳ್ವಿಕೆಯಲ್ಲಿ ಆದ ಕಾಯಿದೆಯೆಂದು ಇದರ ಗುಣವನ್ನು ಮರೆಯುವುದು ನ್ಯಾಯವಲ್ಲ.

ಎರಡನೆಯ ಉತ್ತರ ಸ್ವತಂತ್ರ ಭಾರತದ್ದು. ಪ್ರೊಫೆಸರ್ ಬಿ. ಪಿ. ಅಡಾರ್ಕರರು 1944ರಲ್ಲಿ ಒಪ್ಪಿಸಿದ ವರದಿಯನ್ನು ಆಧಾರವಾಗಿಟ್ಟುಕೊಂಡು 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಹುಟ್ಟಿತು. ಯೋಜನೆಯು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಗಿ, 1955ರಲ್ಲಿ ಕೊಯಮತ್ತೂರಿಗೂ 1958ರಲ್ಲಿ ಬೆಂಗಳೂರಿಗೂ ಬಂದಿತು. ಕಾಯಿಲೆಗೂ ಭತ್ಯವುಂಟು, ವೈದ್ಯವುಂಟು, ಉಪಕಾರ ದೊಡ್ಡದು. ಆದರೆ ಅದರ 63ನೆಯ ಪ್ರಕರಣದ ಪ್ರಕಾರ, ಯಾವ ದಿನ ಒಬ್ಬನು ಕೆಲಸ ಮಾಡುವನೋ ಆ ದಿನಕ್ಕೆ ಅವನಿಗೆ ಕಾಯಿಲೆಯ ಭತ್ಯವೂ ಇಲ್ಲ, ತಾತ್ಕಾಲಿಕ ಅಶಕ್ತತೆಯ ಭತ್ಯವೂ ಇಲ್ಲ. ಒಂದು ಗಂಟೆ ದುಡಿದರೂ ದುಡಿದಂತೆಯೇ. ಸುಳ್ಳು ಹೇಳಿ ಭತ್ಯ ಪಡೆದವನಿಗೆ ಶಿಕ್ಷೆಯುಂಟು; ಅದು ಮುಂದೆ 6 ತಿಂಗಳ ಸೆರೆ ಅಥವಾ 2,000 ರೂಪಾಯಿ ದಂಡದವರೆಗೆ ಏರಿತು. ವಿಚಿತ್ರವೆಂದರೆ, ಬೆರಳು ಶಾಶ್ವತವಾಗಿ ಹೋದವನು ಜೀವಮಾನವಿಡೀ ಭತ್ಯ ಪಡೆಯುತ್ತ ಪೂರ್ಣ ಕೂಲಿಗೂ ದುಡಿಯಬಹುದಾಗಿತ್ತು. ಕ್ಷಯದಿಂದ ಚೇತರಿಸಿಕೊಳ್ಳುತ್ತ ಅರ್ಧ ದಿನ ಕೈಯಾಡಿಸಿದವನು ಮಾತ್ರ ಅಂದಿನ ಭತ್ಯವನ್ನು ಬಿಡಬೇಕು.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಅದು ನೂರಾರು ಜನರ ಕೂಲಿಯಿಂದ ಕಾಸುಕಾಸಾಗಿ ಕೂಡಿದ ನಿಧಿ. ಬೇನೆಯ ಸೋಗು ಹಾಕುವವನು ಕದಿಯುವುದು ಪಕ್ಕದ ಯಂತ್ರದಲ್ಲಿ ನಿಂತವನ ಹಣವನ್ನು. ಹೊಟ್ಟೆಗಾಗಿ ದುಡಿದು ರೋಗವನ್ನು ಉಲ್ಬಣಗೊಳಿಸಿಕೊಳ್ಳಬಾರದೆಂಬ ಕಾಳಜಿಯೂ 64ನೆಯ ಪ್ರಕರಣದಲ್ಲಿ ಕಾಣುತ್ತದೆ. ಆದರೂ ಮನುಷ್ಯನು ಒಂದು ಬೆಳಗ್ಗೆ ರೋಗಿ, ಮರುದಿನ ಬೆಳಗ್ಗೆ ನಿರೋಗಿ ಎಂಬಂತೆ ಬದಲಾಗುವುದಿಲ್ಲವಷ್ಟೆ! ನಡುವಿನ ದಿನಗಳಿಗೆ ಕಾಯಿದೆಯಲ್ಲಿ ಹೆಸರಿಲ್ಲದೆ ಹೋದುದರಿಂದ, ಸತ್ಯವಂತನಾದವನು ಕೈಕಟ್ಟಿ ಕುಳಿತುಕೊಳ್ಳಬೇಕಾಯಿತು, ಅಥವಾ ಕದ್ದು ದುಡಿಯಬೇಕಾಯಿತು.

ಇನ್ನು ಕೊಂಬೈಯ ಕಡೆಗೆ ಬರೋಣ. ಈ ಕಣಿವೆಯ ಹೆಂಗಸರೂ ಗಂಡಸರೂ ಕೂಲಿಗೆಂದು ಘಟ್ಟ ಹತ್ತಿ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಬೆಟ್ಟದ ನೆತ್ತಿಯೇ ಎಲ್ಲೆ. ಅಂದು ಈಚೆಗೆ ಮದರಾಸು ಪ್ರಾಂತ, ಆಚೆಗೆ ತಿರುವಾಂಕೂರು ಸಂಸ್ಥಾನ; ಈಚೆಯ 1923ರ ಕಾಯಿದೆ ನೆತ್ತಿಯನ್ನು ದಾಟುತ್ತಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಕಾಯಿಲೆಯ ಭತ್ಯವನ್ನು ವಿಧಿಸಿತು. ಆದರೆ ಅದರ ಮೂಲ ಪಟ್ಟಿಯಲ್ಲಿದ್ದುದು ಚಹಾ, ಕಾಫಿ, ರಬ್ಬರು, ಸಿಂಕೋನಾ. ಏಲಕ್ಕಿಯ ಹೆಸರು ಸೇರಿದುದು 1981ರ ತಿದ್ದುಪಡಿಯಲ್ಲಿ. ಬೆಳಗ್ಗೆ ಜೀಪಿನಲ್ಲಿ ಏರಿ ಸಂಜೆ ಇಳಿಯುವ ದಿನಗೂಲಿಗೆ ಪಟ್ಟಿಯಲ್ಲಿ ಹೆಸರಿರುವುದು ಒಂದು, ಭತ್ಯ ಕೈಸೇರುವುದು ಇನ್ನೊಂದು. ಇಂತಹವರಿಗೆ ಕಾಯಿಲೆಯೆಂದರೆ ಕೂಲಿ ತಪ್ಪಿದ ದಿನ, ಅಷ್ಟೇ.

ಊರಿನಲ್ಲೇ ಉಳಿದ ಅಂಗವಿಕಲರಿಗೆ ತಮಿಳುನಾಡು ಸರಕಾರ 1974ರಲ್ಲಿ ಪಿಂಚಣಿಯನ್ನು ಆರಂಭಿಸಿತು. ಯೋಜನೆಯ ಹೆಸರಿನಲ್ಲೇ ನಿರ್ಗತಿಕರೆಂಬ ಮಾತಿತ್ತು. ದುಡಿಯಬಲ್ಲೆನೆಂದು ತೋರಿಸಿಕೊಂಡವನು ನಿರ್ಗತಿಕನೆನಿಸುವುದು ಕಷ್ಟ. ಅದೇ ಸರಕಾರ 2012ರಲ್ಲಿ, ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಅಂಗವಿಕಲರು 4 ಗಂಟೆ ಕೆಲಸ ಮಾಡಿದರೆ ಇಡೀ ದಿನದ ಕೂಲಿಯನ್ನು ಕೊಡತಕ್ಕದ್ದೆಂದು ಆಜ್ಞೆ ಹೊರಡಿಸಿತು. ಅರ್ಧ ಶಕ್ತಿಯ ಮನುಷ್ಯನಿಗೆ ಸರಕಾರಿ ಕಾಗದದಲ್ಲಿ ಮತ್ತೆ ಒಂದು ಸ್ಥಾನ ದೊರೆತುದು ಹೀಗೆ, ಕೆರೆಯ ಹೂಳೆತ್ತುವ ಕೆಲಸದ ಲೆಕ್ಕದಲ್ಲಿ.

1923ರ ಮತ್ತು 1948ರ ಕಾಯಿದೆಗಳೆರಡೂ 2020ರ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿಹೋದುವು. ಆ ಸಂಹಿತೆ 2025ರ ನವೆಂಬರ್ 21ರಿಂದ ಆಚರಣೆಗೆ ಬಂದಿದೆ. ನೂರು ವರ್ಷ ಮೀರಿ ಬಾಳಿದ ಆ ಹಳೆಯ ಲೆಕ್ಕವನ್ನು ಬಲ್ಲವರು ಕಾರ್ಮಿಕ ಸಂಘಗಳಲ್ಲಿಯೂ ವಿರಳ. ಕೊಂಬೈಯ ಜೀಪುಗಳು ಮಾತ್ರ ಬೆಳಗಾಗುವ ಮೊದಲೇ ಘಟ್ಟ ಹತ್ತುತ್ತವೆ.