ಬಿಸಿಲಿಗೆ ಒಗ್ಗುವ ಹುಳು, ಬದಲಾಗುವ ತಳಿ

ಮಾರ್ಚ್ ಮುಗಿಯುವ ಹೊತ್ತಿಗೆ ಭದ್ರಾವತಿ ಸುತ್ತಿನ ನೀರು ಕಾಣದ ಬೇಲಿಯಂಚನ್ನು ಒಂದು ಮೊಳ ಅಗೆದರೆ, ಗೋಲಿ ಗಾತ್ರದ ಮಣ್ಣಿನ ಗೂಡಿನೊಳಗೆ ಗಂಟು ಹಾಕಿಕೊಂಡು ಮಲಗಿದ ಎರೆಹುಳು ಸಿಗುವುದುಂಟು. ಮಲಗುವ ಮೊದಲು ಹೊಟ್ಟೆಯ ಮಣ್ಣನ್ನೆಲ್ಲ ಹೊರಹಾಕಿ, ಗೂಡಿನ ಒಳಗೋಡೆಗೆ ತನ್ನದೇ ಲೋಳೆ ಬಳಿದುಕೊಂಡಿರುತ್ತದೆ. ಮುಂಗಾರಿನ ನೀರು ಇಳಿಯುವ ತನಕ ಅದಕ್ಕೆ ಊಟವಿಲ್ಲ, ಓಡಾಟವಿಲ್ಲ. ನಾಲ್ಕು ಮಾರು ಆಚೆ, ಭದ್ರಾ ಕಾಲುವೆಯ ನೀರುಣ್ಣುವ ಅಡಿಕೆ ತೋಟದಲ್ಲಿ, ಅದೇ ತಿಂಗಳು ಎರೆಹುಳುಗಳು ಹಿಕ್ಕೆ ಹಾಕುತ್ತ ಆರಾಮವಾಗಿರುತ್ತವೆ.

ಈ ವ್ಯತ್ಯಾಸ ಹುಟ್ಟಿನಿಂದ ಬಂದದ್ದೋ, ಇರುವ ಜಾಗದಿಂದ ಬಂದದ್ದೋ? ಹವಾಮಾನ ಬಿಗಡಾಯಿಸುತ್ತಿರುವಾಗ ಮಣ್ಣಿನ ಪ್ರಾಣಿಗಳ ಭವಿಷ್ಯವೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಒಂದೇ ತಳಿ ಎರಡೂ ಕಡೆ ಹೊಂದಿಕೊಂಡು ಬಾಳುತ್ತಿದ್ದರೆ ಆ ಹೊಂದಾಣಿಕೆಗೆ ಎಲ್ಲೋ ಒಂದು ಮಿತಿ ಇದ್ದೇ ಇರುತ್ತದೆ. ತಳಿಯೇ ಬೇರೆಯಾಗಿದ್ದರೆ ನಿಸರ್ಗದ ಆಯ್ಕೆಗೆ ಅವಕಾಶ ಉಳಿದಿದೆ.

ವಿಜ್ಞಾನ ಈ ಪ್ರಶ್ನೆಗೆ ಬಂದದ್ದು ಬಹಳ ತಡವಾಗಿ. 1881ರಲ್ಲಿ ಡಾರ್ವಿನ್ ಎರೆಹುಳುಗಳ ಮೇಲೆ ಇಡೀ ಪುಸ್ತಕ ಬರೆದರೂ ಅವನ ಗಮನವಿದ್ದದ್ದು ಅವು ಮಣ್ಣಿಗೆ ಏನು ಮಾಡುತ್ತವೆ ಎಂಬುದರ ಮೇಲೆ. 1923ರಲ್ಲಿ ಸ್ಟೀಫನ್‌ಸನ್ ಭಾರತದ ಎರೆಹುಳುಗಳ ದೊಡ್ಡ ಸಂಪುಟ ತಂದ. ಅದು ಹೆಸರಿಡುವ ಕೆಲಸ. ಕರ್ನಾಟಕದ ಸರದಿ ಬಂದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ. ಮುಂದೆ ಅಲ್ಲಿಯೇ ಕುಲಪತಿಯಾದ ಜಿ.ಕೆ. ವೀರೇಶ್ ಗೊಣ್ಣೆಹುಳದ ಬೆನ್ನು ಹತ್ತಿದರು. ರಾಧಾ ಕಾಳೆ ಆಫ್ರಿಕಾ ಮೂಲದ ಯೂಡ್ರಿಲಸ್ ಹುಳುವನ್ನು ಸಾಕಿ ಎರೆಗೊಬ್ಬರವನ್ನು ರೈತರ ಮಾತಾಗಿಸಿದರು. 1988ರ ಆಗಸ್ಟಿನಲ್ಲಿ ಹತ್ತನೆಯ ಅಂತರರಾಷ್ಟ್ರೀಯ ಮಣ್ಣುಪ್ರಾಣಿ ವಿಜ್ಞಾನ ಸಮಾವೇಶ ನಡೆದದ್ದೂ ಬೆಂಗಳೂರಿನಲ್ಲೇ. ಆ ತಲೆಮಾರು ಎಣಿಸಿತು, ಗುರುತಿಸಿತು, ಸಾಕಿತು. ಈಗಿನವರು ಇದನ್ನು ಹಳೆಯ ಕಾಲದ ಕೆಲಸವೆಂದು ಮೂಗು ಮುರಿಯುವುದನ್ನು ನಾನು ಒಪ್ಪುವುದಿಲ್ಲ. ಕೈಯಲ್ಲಿರುವುದು ಯಾವ ಹುಳು ಎಂದೇ ಗೊತ್ತಿಲ್ಲದವನು ಅದರ ಜೀನ್ ಓದಿ ಏನು ಮಾಡಿಯಾನು?

ತಳಿಯ ಪ್ರಶ್ನೆ ಎದ್ದದ್ದು ಹವಾಮಾನದಿಂದಲ್ಲ, ವಿಷದಿಂದ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಾನ್ ಸ್ಟ್ರಾಲೆನ್ ಮತ್ತು ಸಂಗಡಿಗರು ಓರ್ಚೆಸೆಲ್ಲಾ ಸಿಂಕ್ಟಾ ಎಂಬ, ಹೊಟ್ಟೆಯಡಿಯ ಕವಲನ್ನು ಚಿಮ್ಮಿಸಿ ಜಿಗಿಯುವ ಪುಟ್ಟ ಮಣ್ಣುಜೀವಿಯನ್ನು ಹಿಡಿದರು. ಲೋಹದ ಕಲ್ಮಶ ತುಂಬಿದ ಜಾಗದಲ್ಲಿ ಅದು ಕ್ಯಾಡ್ಮಿಯಂ ಅನ್ನು ತಾಳಿಕೊಂಡೇ ಬದುಕಿತ್ತು. ಅವರು ಶುದ್ಧ ಜಾಗದ್ದನ್ನೂ ಕಲ್ಮಶದ ಜಾಗದ್ದನ್ನೂ ತಂದು ಒಂದೇ ಆಹಾರ, ಒಂದೇ ಶಾಖದಲ್ಲಿ ಮರಿ ಮಾಡಿಸಿದರು. ಲೋಹವನ್ನೇ ನೋಡದ ಮರಿಗಳಲ್ಲೂ ತಾಳುವ ಶಕ್ತಿ ಉಳಿದಿತ್ತು. ಲೋಹವನ್ನು ಕಟ್ಟಿಹಾಕುವ ಪ್ರೋಟೀನಿನ ಜೀನ್ ಅವುಗಳಲ್ಲಿ ಹೆಚ್ಚು ಚುರುಕಾಗಿತ್ತು. ಒಂದೇ ಕಡೆ ಸಾಕಿ ನೋಡುವ ಈ ಸರಳ ಉಪಾಯವೇ ಮುಂದೆ ಈ ಕ್ಷೇತ್ರದ ಮುಖ್ಯ ಆಯುಧವಾಯಿತು. ಹೆಪ್ಪುಗಟ್ಟಿದರೂ ಸಾಯದ ಫಿನ್ಲೆಂಡಿನ ಎರೆಹುಳುವನ್ನು ಡೆನ್ಮಾರ್ಕಿನ ಅದೇ ಜಾತಿಯ ಹುಳುವಿನೊಂದಿಗೆ ಹೋಲಿಸಿದ ಹಾಲ್ಮ್‌ಸ್ಟ್ರುಪ್ ಬಳಗವೂ ಇದನ್ನೇ ಬಳಸಿತು.

ಆದರೂ ಫಿನ್ಲೆಂಡಿನ ಹುಳುವಿನದು ಸಾವಿರಾರು ವರ್ಷಗಳಲ್ಲಿ ಆಗಿಹೋದ ಬದಲಾವಣೆಯ ಕಥೆ. ನಮ್ಮ ಕಣ್ಣೆದುರೇ ಆಗುತ್ತಿರುವುದನ್ನು ಹಿಡಿದದ್ದು ಡೆನ್ಮಾರ್ಕಿನ ಬ್ರಾಂಡ್‌ಬ್ಯೆರ್ಗ್ ಎಂಬ ಕುರುಚಲು ಬಯಲಿನ ಪ್ರಯೋಗ. 2005ರಲ್ಲಿ ಅಲ್ಲಿ 48 ತಾಕುಗಳನ್ನು ಗುರುತು ಮಾಡಿದರು. ಕೆಲವು ತಾಕುಗಳ ಮೇಲೆ ರಾತ್ರಿ ಪರದೆ ಎಳೆದು ನೆಲದ ಕಾವು ಆರದಂತೆ ನೋಡಿಕೊಂಡರು. ಕೆಲವಕ್ಕೆ ಬೇಸಿಗೆಯ ಮಳೆ ತಪ್ಪಿಸಿದರು, ಕೆಲವಕ್ಕೆ ಇಂಗಾಲದ ಡೈಆಕ್ಸೈಡನ್ನು 510 ಪಿಪಿಎಂಗೆ ಏರಿಸಿದರು. ಇವನ್ನೆಲ್ಲ ಒಂದರ ಜತೆ ಒಂದು ಬೆರೆಸಿಯೂ ನೋಡಿದರು. ಎಂಟು ವರ್ಷಗಳ ನಂತರ ಮಣ್ಣಿನಿಂದ ಹೆಕ್ಕಿದ್ದು ಕಮಿಡ್ರಿಲಸ್ ಎಂಬ ಬಿಳಿ ನೂಲಿನಂಥ ಹುಳುವನ್ನು. ಅದು ಎರೆಹುಳದ ದಾಯಾದಿ. ಹೆಚ್ಚಾಗಿ ಮೈ ತುಂಡಾಗಿ, ಪ್ರತಿ ತುಂಡೂ ಬೆಳೆದು ಹುಳುವಾಗುವ ಮೂಲಕ ಸಂತಾನ ಬೆಳೆಸುತ್ತದೆ. 2016ರಲ್ಲಿ ಬತಾಯೋ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಕೆಲವು ಜೀನ್‌ಗಳ ರೂಪಾಂತರಗಳು ಒಂದೇ ಬಗೆಯ ಉಪಚಾರ ಪಡೆದ ಬೇರೆ ಬೇರೆ ತಾಕುಗಳಲ್ಲಿ ಒಂದೇ ದಿಕ್ಕಿಗೆ ಸರಿದಿದ್ದವು. ಆಕಸ್ಮಿಕವಾಗಿದ್ದರೆ ಒಂದೊಂದು ತಾಕು ಒಂದೊಂದು ದಿಕ್ಕಿಗೆ ಹೋಗಬೇಕಿತ್ತು. ಹೊಸ ಜೀನ್ ಹುಟ್ಟಲು ಎಂಟು ವರ್ಷ ಏನೇನೂ ಸಾಲದು. ಮಣ್ಣಿನಲ್ಲಿ ಮೊದಲೇ ಇದ್ದ ವೈವಿಧ್ಯದಲ್ಲಿ ಕೆಲವು ಗೆದ್ದವು, ಕೆಲವು ಸೋತವು. ಅಂದರೆ ವೈವಿಧ್ಯ ತೀರಿಹೋದ ಮಣ್ಣಿನಲ್ಲಿ ಆರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಅತ್ತ, ಆಯ್ಕೆಗೆ ಕಾಯದೆ ತಾವೇ ತಳಿ ತಿದ್ದಲು ಹೊರಟವರೂ ಇದ್ದರು. ಅವರ ಕಥೆ ನಮ್ಮ ಅಡಿಕೆ ಬೆಳೆಗಾರರಿಗೆ ಹತ್ತಿರದ್ದು. ಗೊಣ್ಣೆಹುಳು ಬೇರು ತಿಂದ ಅಡಿಕೆ ಮರದ ಬುಡಕ್ಕೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ರೂಪಿಸಿದ ಪುಡಿಯನ್ನು ಹಾಕುತ್ತಾರಲ್ಲ, ಅದರಲ್ಲಿರುವುದು ಹೆಟೆರೊರಾಬ್ಡೈಟಿಸ್ ಇಂಡಿಕಾ ಎಂಬ ಕಣ್ಣಿಗೆ ಕಾಣದ ಜಂತು. ಗೊಣ್ಣೆಯ ಮೈಯೊಳಗೆ ಹೊಕ್ಕು, ತನ್ನ ಜತೆಗಿನ ಬ್ಯಾಕ್ಟೀರಿಯಾ ಬಿಟ್ಟು, ಎರಡು ಮೂರು ದಿನದಲ್ಲಿ ಅದನ್ನು ಮುಗಿಸುತ್ತದೆ. ಕೊಯಮತ್ತೂರಿನಲ್ಲಿ ಸಿಕ್ಕಿ 1992ರಲ್ಲಿ ಹೆಸರು ಪಡೆದ ಈ ಜಂತು ಬಿಸಿ ನೆಲದ್ದೇ. ಅದರ ತಂಪುದೇಶದ ಬಂಧುವಿಗೆ ಅಷ್ಟು ಶಾಖ ತಡೆಯುವುದಿಲ್ಲ. ಅಮೆರಿಕದ ಹಾಶ್ಮಿ ಮತ್ತು ಗಾಗ್ಲರ್ ಅದಕ್ಕೆ ಬೇರೊಂದು ಜಂತುವಿನ ಶಾಖರಕ್ಷಕ ಜೀನ್ ಸೇರಿಸಿದರು. ಮೊದಲು ಹದವಾಗಿ ಕಾಯಿಸಿ ಆಮೇಲೆ 40 ಡಿಗ್ರಿಗೆ ಒಡ್ಡಿದಾಗ, ತಿದ್ದಿದ ತಳಿಯಲ್ಲಿ ಶೇ. 90ಕ್ಕೂ ಹೆಚ್ಚು ಉಳಿದವು. ಸಾಮಾನ್ಯ ತಳಿ ಬಹುತೇಕ ನಾಶವಾಯಿತು. ನ್ಯೂಜೆರ್ಸಿಯ ಹುಲ್ಲುನೆಲಕ್ಕೆ ಬಿಟ್ಟಾಗ ಮಾತ್ರ ಎರಡರ ಬಾಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನೆಲದಲ್ಲಿ ಜಂತುವನ್ನು ಕೊಲ್ಲುವುದು ಶಾಖವೊಂದೇ ಅಲ್ಲ. ತೇವ ಆರುತ್ತದೆ, ಶಿಲೀಂಧ್ರ ಹಿಡಿಯುತ್ತದೆ, ಬೇಟೆಯಾಡುವ ನುಸಿಗಳು ಕಾದಿರುತ್ತವೆ. ಈ ಸೋಲು ನನಗೆ ಎಷ್ಟೋ ಯಶಸ್ಸಿನ ವರದಿಗಳಿಗಿಂತ ಹೆಚ್ಚು ಕಲಿಸಿದೆ.

ಇನ್ನೊಂದು ತೊಡಕು ಪರದೇಶಿ ಹುಳುಗಳದ್ದು. 2018ರಲ್ಲಿ ಜ್ಯಾನಿಯನ್-ಶೀಪರ್ಸ್ ತಂಡ ಜಿಗಿಯುವ ಮಣ್ಣುಜೀವಿಗಳನ್ನು ಹೋಲಿಸಿ, ಹೊರಗಿನಿಂದ ಬಂದವು ಸ್ಥಳೀಯವಾದವುಗಳಿಗಿಂತ ಹೆಚ್ಚು ಶಾಖ ತಾಳುತ್ತವೆ ಎಂದು ತೋರಿಸಿತು. ಪಶ್ಚಿಮ ಘಟ್ಟದ ತೋಟಗಳಲ್ಲಿ ಬೇರೂರಿರುವ ಪಾಂಟೊಸ್ಕೊಲೆಕ್ಸ್ ಎರೆಹುಳು ದಕ್ಷಿಣ ಅಮೆರಿಕದ್ದು, ಸಂಗಾತಿಯ ನೆರವಿಲ್ಲದೆ ಮೊಟ್ಟೆ ಇಡಬಲ್ಲದ್ದು. ಡೆನ್ಮಾರ್ಕಿನ ತುಂಡಾಗುವ ಹುಳುವನ್ನು ನೋಡಿದರೆ, ಕೂಡದೆ ಬೆಳೆಯುವ ಜೀವಿಗೂ ಆಯ್ಕೆಯ ದಾರಿ ಮುಚ್ಚಿಲ್ಲ. ಎಷ್ಟು ವಂಶಗಳು ಇಲ್ಲಿಗೆ ಬಂದಿಳಿದಿವೆ ಎಂಬುದರ ಮೇಲೆ ಆ ದಾರಿಯ ಅಗಲ ನಿಂತಿದೆ.

ಹುಟ್ಟೋ ಜಾಗವೋ ಎಂಬ ಮೊದಲ ಪ್ರಶ್ನೆಯನ್ನು ಪರೀಕ್ಷಿಸಲು ಶಿವಮೊಗ್ಗಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯಿಂದ ತೀರ್ಥಹಳ್ಳಿ ಹಾದು ಶಿವಮೊಗ್ಗ ನಗರದ ವಿನೋಬನಗರಕ್ಕೆ ಬರುವಷ್ಟರಲ್ಲಿ, ತೊಂಬತ್ತು ಕಿಲೋಮೀಟರ್ ಆಸುಪಾಸಿನಲ್ಲೇ, ಮಳೆ ಹಲವು ಪಟ್ಟು ಇಳಿದಿರುತ್ತದೆ. ಮುಂದೆ ಚನ್ನಗಿರಿ ಕಡೆ ಇನ್ನೂ ಒಣನೆಲ. ದಾರಿಯುದ್ದಕ್ಕೂ ಒಂದೇ ಜಾತಿಯ ಹುಳು ಹೆಕ್ಕಿ, ಮರಿಗಳನ್ನು ಒಂದೇ ಕಡೆ ಸಾಕಿ ನೋಡುವ ಕೆಲಸಕ್ಕೆ ನವಿಲೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣವಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿದೆ. ಆದರೆ ಹೆಕ್ಕುವ ಜಾಗದ ಬಗ್ಗೆ ಎಚ್ಚರ ಬೇಕು. ತೋಟದ ಹುಳುವಿಗೆ ಸೋಗೆಯ ನೆರಳು, ಸೊಪ್ಪಿನ ಮುಚ್ಚಿಗೆ, ಹನಿ ನೀರು ಎಲ್ಲ ಇವೆ. ಬರ ಬಂದದ್ದೇ ಅದಕ್ಕೆ ತಿಳಿಯುವುದಿಲ್ಲ. ಬರದ ಆಯ್ಕೆ ನಡೆಯುವುದು ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲದಲ್ಲಿ, ಸೊಪ್ಪು ತರಿದು ಬೋಳಾದ ಬೆಟ್ಟದಲ್ಲಿ, ಬೇಲಿಯಂಚಿನಲ್ಲಿ. ಅಲ್ಲಿ ಹುಳು ಸಿಗುವುದು ಕಡಿಮೆ, ಅಗೆಯುವ ನೆಲ ಗಟ್ಟಿ. ಸುಲಭಕ್ಕೆ ಸಿಗುತ್ತದೆಂದು ತೋಟದ ಹುಳುವನ್ನಷ್ಟೇ ತಂದು ಜೀನ್ ಓದಿದರೆ, ಏನೂ ಬದಲಾಗಿಲ್ಲ ಎಂಬ ಉತ್ತರವೇ ಬರುತ್ತದೆ.