ಅಡ್ವಾನ್ಸ್ ಕೊಡೋಕೆ ಮುಂಚೆ ಸಾಗುವಳಿ ಚೀಟಿ ಕೇಳಿ



ಪೋಸ್ಟು ಸ್ವಲ್ಪ ಉದ್ದ ಇದೆ. ಸೈಟು, ಮನೆ ತಗೊಳ್ಳೋ ಯೋಚನೆ ಇರೋರು ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಬಿಡದಿ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಥರ್ಟಿ ಫಾರ್ಟಿ ಸೈಟು ನೋಡಿದ್ದೆ. ಹೆಂಡತಿ ಒಡವೆ ಅಡ ಇಟ್ಟು, ಚೀಟಿ ಎತ್ತಿ, ಅಡ್ವಾನ್ಸ್ ಹೊಂದಿಸಿಕೊಂಡಿದ್ದೆ. ಮಾರೋರು "ಮಧ್ಯ ಯಾರೂ ಬೇಡ, ನೇರ ಬನ್ನಿ, ಕಮಿಷನ್ ಉಳೀತದೆ" ಅಂದ್ರು. ನನಗೂ ಅದೇ ಬೇಕಿತ್ತು. ಬ್ರೋಕರ್ ಅಂದ್ರೆ ನಮ್ಮ ಮನೇಲಿ ಮೊದಲಿಂದಲೂ ಬೈಗುಳ.

ಆದ್ರೂ ಒಂದು ಅನುಮಾನಕ್ಕೆ, ಪರಿಚಯದ ಒಬ್ಬ ಏಜೆಂಟ್ ಹುಡುಗನಿಗೆ ಪೇಪರ್ ತೋರಿಸಿದೆ. ಇಸಿ ಕ್ಲೀನ್ ಇತ್ತು. ಅವನು ಅದನ್ನ ಪಕ್ಕಕ್ಕಿಟ್ಟು ಸರ್ವೆ ನಂಬರ್ ನೋಡಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಇದು ಮೂಲದಲ್ಲಿ ಯಾರ ಜಮೀನು? ಗ್ರಾಂಟ್ ಆಗಿದ್ದಾ?"

ನಾಲ್ಕು ದಿನ ಹಳೇ ಪಹಣಿ, ಮ್ಯುಟೇಶನ್ ತೆಗೆಸಿದ. ಅದು ದರಖಾಸ್ತಿನಲ್ಲಿ ನಮ್ಮದೇ ಜನದ ಒಂದು ಕುಟುಂಬಕ್ಕೆ ಮಂಜೂರಾಗಿದ್ದ ಜಮೀನು. ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿ, ಲೇಔಟ್ ಆಗಿ, ನನ್ನ ಮುಂದೆ ಬಂದು ನಿಂತಿತ್ತು.

ದುಡ್ಡು ಹೋಗ್ತಿತ್ತಲ್ಲ ಅನ್ನೋದಕ್ಕಿಂತ, ಇನ್ನೊಬ್ಬ ದಲಿತನಿಂದ ಕಿತ್ತುಕೊಂಡ ನೆಲದ ಮೇಲೆ ನಾನು ಅಂಬೇಡ್ಕರ್ ಫೋಟೋ ಹಾಕಿ ಗೃಹಪ್ರವೇಶ ಮಾಡ್ತಿದ್ದೆ ಅನ್ನೋದು ನಿದ್ದೆ ಕೆಡಿಸ್ತು. ಯಾಕಂದ್ರೆ ಇದೇ ನಮ್ಮ ಮನೆಯ ಕತೆಯೂ ಹೌದು.

ನಮ್ಮ ತಾತ ಊರಿನ ತೋಟಿ. ಬೆಳೆ ಕಾಯೋದು, ಅಳತೆಗೆ ಬಂದವರ ಜೊತೆ ಬಿಸಿಲಲ್ಲಿ ನಿಲ್ಲೋದು ಅವರ ಕೆಲಸ. ಯಾವ ಹೊಲದ ಬಾಂದು ಕಲ್ಲು ಎಲ್ಲಿದೆ ಅಂತ ಕತ್ತಲಲ್ಲೂ ಹೇಳೋರು. ಆದ್ರೆ ಆ ಕಲ್ಲಿನ ಬಗ್ಗೆ ಪುಸ್ತಕದಲ್ಲಿ ಏನು ಬರೆದಿದೆ ಅನ್ನೋದು ಶಾನುಭೋಗರಿಗೆ ಮಾತ್ರ ಗೊತ್ತು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ, ಪಟೇಲಿಕೆ, ತೋಟಿಕೆ ಎಲ್ಲವನ್ನೂ ವಂಶಪಾರಂಪರ್ಯದಿಂದ ಬಿಡಿಸಿತು. ಹುದ್ದೆ ಹೋಯ್ತು. ಕಾಗದದ ಗುಟ್ಟು ಮಾತ್ರ ನಮ್ಮ ಹಟ್ಟಿಗೆ ಬರಲಿಲ್ಲ.

ಆಮೇಲೆ ಅಪ್ಪನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಬಂತು. ಇಂಥ ಜಮೀನು ಉಳೀಲಿ ಅಂತಲೇ ದೇವರಾಜ ಅರಸು ಸರ್ಕಾರ 1978ರ ಪಿಟಿಸಿಎಲ್ ಕಾಯ್ದೆ ತಂತು. 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ರೆ ಆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿ ಅದನ್ನ ಬಿಡಿಸಿ ಮಂಜೂರಾದವರಿಗೋ ಅವರ ವಾರಸುದಾರರಿಗೋ ಕೊಡಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನ ಎತ್ತಿಹಿಡೀತು.

ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಬ್ರೋಕರ್‌ಗೆ ಗೊತ್ತಿತ್ತು.

1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಶುರುವಾಯ್ತು. 1999ರ ಡಿಸೆಂಬರ್‌ನಲ್ಲಿ ಬಿಡದಿಯಿಂದ ಕ್ವಾಲಿಸ್ ಹೊರಬರೋ ಹೊತ್ತಿಗೆ ರಾಗಿ ಹೊಲಗಳ ಬೆಲೆ ಬೇರೆ ಆಗಿತ್ತು. ಬಿಳಿ ಷರ್ಟಿನೋರು ಬೈಕಲ್ಲಿ ಹಟ್ಟಿಗೆ ಬರೋಕೆ ಶುರು ಮಾಡಿದ್ರು. "ಹೆಂಗೂ ಸರ್ಕಾರ ಕಿತ್ಕೊಳ್ತದೆ ಕಣಪ್ಪ, ಈಗಲೇ ನಾಲ್ಕು ಕಾಸು ಮಾಡ್ಕೊ." ಅಕ್ಕನ ಮದುವೆ ಎದುರಿಗಿತ್ತು. ಛಾಪಾ ಕಾಗದದ ಅಗ್ರಿಮೆಂಟು, ಒಂದು ಜಿಪಿಎ, ಒಂದು ಹೆಬ್ಬೆಟ್ಟು. ಅಪ್ಪ ಸತ್ತ ಮೇಲೆ ನಾವು ಅರ್ಜಿ ಹಾಕಿದ್ವಿ. ಅಷ್ಟರಲ್ಲಿ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಬಂದು, ಇಂಥ ಅರ್ಜಿ ನ್ಯಾಯೋಚಿತ ಅವಧಿಯೊಳಗೆ ಬರಬೇಕು ಅಂತು. 2023ರ ತಿದ್ದುಪಡಿ ಕಾಲಮಿತಿಯೇ ಇಲ್ಲ ಅಂತು. ಅದಾದ ಮೇಲೂ ಕೋರ್ಟಿನ ಜಗ್ಗಾಟ ನಿಂತಿಲ್ಲ, ನಮ್ಮ ಫೈಲೂ ಓಡಾಡ್ತಾನೇ ಇದೆ.

ಬಾಡಿಗೆ ಮನೆಯ ಬ್ರೋಕರ್ ಇನ್ನೊಂದು ಥರ. ಫ್ಯಾಕ್ಟರಿ ಕೆಲಸಕ್ಕೆ ಸೇರಿದಾಗ ಮನೆ ಹುಡುಕ್ತಿದ್ದೆ. "ವೆಜ್ಜಾ ನಾನ್‌ವೆಜ್ಜಾ?" ಅಂತ ಶುರು ಮಾಡಿ "ನೀವು ಯಾವ ಪೈಕಿ?" ಅಂತ ಮುಗಿಸೋರು. ಉತ್ತರ ಕೇಳಿದ ಮೇಲೆ ಮನೆ "ಆಗೋಯ್ತು". ಟು-ಲೆಟ್ ಬೋರ್ಡು ಮಾತ್ರ ತಿಂಗಳುಗಟ್ಟಲೆ ನೇತಾಡ್ತಿತ್ತು. 1917ರಲ್ಲಿ ಬರೋಡಾದಲ್ಲಿ ಬಾಬಾಸಾಹೇಬರು ಪಾರ್ಸಿ ಹೆಸರು ಹೇಳಿ ಛತ್ರದಲ್ಲಿ ಉಳಿದುಕೊಂಡಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದ್ರು. ಇಬ್ಬರು ಸ್ನೇಹಿತರನ್ನ ಕೇಳಿದ್ರೂ ಜಾಗ ಸಿಗಲಿಲ್ಲ. ಅಷ್ಟು ಓದಿದ ಮನುಷ್ಯನ ಪರವಾಗಿ ಇಡೀ ಊರಲ್ಲಿ ಮಾತಾಡೋ ಒಬ್ಬ ಮಧ್ಯಸ್ಥ ಇರಲಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ಸಿಗದಂತೆ ಮಾಡೋದು ಅಪರಾಧ. ಇದನ್ನ ಬ್ರೋಕರ್‌ಗೂ ಹೇಳಿ, ಓನರ್‌ಗೂ ಹೇಳಿ.

ಇಷ್ಟೆಲ್ಲ ಆದ ಮೇಲೂ ನಾನು ಹೇಳ್ತಿರೋದು: ಏಜೆಂಟ್ ಬೇಡ ಅನ್ನಬೇಡಿ. ಒಳ್ಳೆ ಏಜೆಂಟ್ ಮಾರೋದು ಮನೆಯನ್ನಲ್ಲ, ತಿಳಿವಳಿಕೆಯನ್ನ. ಮಂಜೂರಾತಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗೋ ಪತ್ರ ಅಲ್ಲ, ಅದಕ್ಕೇ ಇಸಿಯಲ್ಲಿ ಸಾಮಾನ್ಯವಾಗಿ ಕಾಣಲ್ಲ. ದರಖಾಸ್ತು ಜಮೀನು ಪಿಟಿಸಿಎಲ್‌ಗೆ ಬರ್ತದೆ, ತೋಟಿ ಇನಾಮಿನ ಜಮೀನು ಬರಲ್ಲ, ಅದರ ಕಾಯ್ದೆ ಬೇರೆ. ಬರೀ ಜಿಪಿಎ ಮೇಲೆ ಒಡೆತನ ವರ್ಗಾವಣೆ ಆಗಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಭೈರಮಂಗಲ, ಕಂಚುಗಾರನಹಳ್ಳಿ ಕಡೆ ಉಪನಗರದ ಭೂಸ್ವಾಧೀನದ ವಿರುದ್ಧ ರೈತರು ಹೋರಾಟಕ್ಕೆ ಕೂತಿದ್ದಾರೆ. ಯಾವ ಸರ್ವೆ ನಂಬರ್ ನೋಟಿಫಿಕೇಶನ್‌ನಲ್ಲಿದೆ ಅಂತ ನೋಡದೆ ಕೊಂಡೋರು ಮುಳುಗಿದ್ರು. "ನೇರ ಬನ್ನಿ" ಅಂದೋರು ಇದರಲ್ಲಿ ಒಂದನ್ನೂ ನಮಗೆ ಹೇಳಲ್ಲ.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. 2016ರ ರೇರಾ ಕಾಯ್ದೆ ಪ್ರಕಾರ, ನೋಂದಾಯಿತ ಯೋಜನೆಯ ಸೈಟು, ಫ್ಲಾಟು ಮಾರಿಸಿಕೊಡೋ ಏಜೆಂಟ್ ತಾನೂ ನೋಂದಣಿ ಆಗಿರಬೇಕು. ಇಲ್ಲದಿದ್ರೆ ದಿನಕ್ಕೆ 10,000 ರೂಪಾಯಿವರೆಗೆ ದಂಡ. ನಂಬರ್ ಕೇಳಿ. ಕಮಿಷನ್ ಎಷ್ಟು, ಯಾರ ಕಡೆಯಿಂದ ಅಂತ ಮೊದಲೇ ಬರೆಸ್ಕೊಳ್ಳಿ. ಎರಡೂ ಕಡೆ ತಿನ್ನೋನು ನಿಮ್ಮ ಪರ ನಿಲ್ಲಲ್ಲ. ಅಡ್ವಾನ್ಸಿಗೆ ಮುಂಚೆ ನಿಮ್ಮದೇ ವಕೀಲರಿಗೂ ಪೇಪರ್ ತೋರಿಸಿ.

ಇನ್ನೊಂದು ಮಾತು, ನಮ್ಮ ಹುಡುಗ ಹುಡುಗೀರಿಗೆ. ಪಹಣಿ ಓದೋದು ಕಲೀರಿ. ಈ ಕಸುಬಿಗೆ ಇಳೀರಿ. ಶಾನುಭೋಗರ ಪುಸ್ತಕ ಈಗ ಮೊಬೈಲಲ್ಲಿದೆ, ತೋಟಿಯ ಮೊಮ್ಮಕ್ಕಳೂ ತೆಗೆದು ನೋಡಬಹುದು.

ಸೈಟು ಬಿಟ್ಟೆ. ಒಡವೆ ಬಿಡಿಸಿಕೊಂಡು ಬಂದೆ. ಏಜೆಂಟ್ ಹುಡುಗ ದುಡ್ಡು ಬೇಡ ಅಂದ. "ಇಟ್ಕೊಳಪ್ಪ, ಇದು ಕಮಿಷನ್ ಅಲ್ಲ, ನಿನ್ನ ಕೂಲಿ" ಅಂತ ಜೇಬಿಗಿಟ್ಟೆ. ಆಮೇಲೆ ಇಬ್ಬರೂ ಆ ಜಮೀನಿನ ಮೂಲದವರನ್ನ ಹುಡುಕಿಕೊಂಡು ಕಾಲೊನಿಗೆ ಹೋದ್ವಿ. ವಿಷಯ ಕೇಳಿ ಆ ಮನೆಯ ಅವ್ವ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತಂದು ಬಿಚ್ಚಿದ್ರು. ಮಡಿಕೆಯಲ್ಲಿ ಹರಿದಿದ್ದ ಸಾಗುವಳಿ ಚೀಟಿ. "ನಮ್ಮೆಜಮಾನರು ಬಿಸಾಕಬೇಡ ಅಂದಿದ್ರು. ಯಾಕೆ ಅಂತ ಹೇಳಿರಲಿಲ್ಲ" ಅಂದ್ರು.

ಅವರ ಅರ್ಜಿ ಹೋದ ತಿಂಗಳು ಹಾಕಿಸಿದ್ದೀವಿ. ನಿಮ್ಮ ಮನೆಯ ಟ್ರಂಕೂ ಒಂದ್ಸಲ ತೆಗೆದು ನೋಡಿ.

ಜೈಭೀಮ್.